ಆಶ್ರಯದಲ್ಲಿರುವ ನಾಯಿ-ಬೆಕ್ಕುಗಳಿಗೆ ಕಾಯಂ ಮನೆ ಹುಡುಕುವ ಬಗೆ: ಹುಬ್ಬಳ್ಳಿ-ಧಾರವಾಡದ ಸ್ವಯಂಸೇವಕರಿಗಾಗಿ

ಕೆಂಚಿ ಎಂಬ ಹೆಣ್ಣು ನಾಯಿಯನ್ನು ನಾವು ಒಂದು ಮಳೆಗಾಲದಲ್ಲಿ ನವನಗರದ ಮನೆಯೊಂದಕ್ಕೆ ಕೊಟ್ಟೆವು. ಒಂಬತ್ತನೆಯ ದಿನ ಅದು ಮರಳಿ ಬಂತು. ಮನೆಯವರು ಕೆಟ್ಟವರಾಗಿರಲಿಲ್ಲ. ರಾತ್ರಿ ಸರಪಳಿ ಹಾಕಿದ ಕೂಡಲೇ ಅದು ಬೆಳಗಿನವರೆಗೂ ಕೂಗುತ್ತಿತ್ತು, ಓಣಿಯವರು ತಕರಾರು ತೆಗೆದಿದ್ದರು, ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗನಿದ್ದ. ಸರಪಳಿಯ ಸಪ್ಪಳ ಕೇಳಿದರೆ ಕೆಂಚಿ ನಡುಗುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಹೇಳಿದರೆ ಸಿಕ್ಕ ಮನೆ ಕೈತಪ್ಪೀತು ಎಂಬ ಭಯದಿಂದ ನಾನು ಹೇಳಿರಲಿಲ್ಲ. ಮರಳಿ ಬಂದ ನಾಯಿ ಮೂಲೆ ಹಿಡಿದು ನಾಲ್ಕು ದಿನ ಅನ್ನ ಮುಟ್ಟಲಿಲ್ಲ.

ಆಶ್ರಯ ನಡೆಸುವವರು ಸಾಮಾನ್ಯವಾಗಿ ಈ ತಿಂಗಳು ಎಷ್ಟು ಪ್ರಾಣಿಗಳನ್ನು ಕೊಟ್ಟೆವು ಎಂದು ಲೆಕ್ಕ ಇಡುತ್ತಾರೆ. ಕೊಟ್ಟು ಆರು ತಿಂಗಳಾದ ಮೇಲೆ ಎಷ್ಟು ಪ್ರಾಣಿಗಳು ಅದೇ ಮನೆಯಲ್ಲಿವೆ ಎಂಬ ಲೆಕ್ಕವನ್ನೇ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಆ ಎರಡನೆಯ ಲೆಕ್ಕ ಹೆಚ್ಚಬೇಕಾದರೆ ಕೊಡುವವರು ಪ್ರಾಣಿಯನ್ನು ಚೆನ್ನಾಗಿ ಅರಿತಿರಬೇಕು, ಅರಿತದ್ದನ್ನು ಮುಚ್ಚಿಡದೆ ಹೇಳಬೇಕು, ಕೊಟ್ಟ ಮೇಲೂ ಜೊತೆಗಿರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಮೂರು ಮಾತುಗಳ ವಿಸ್ತಾರ.

ಯಾವ ಪ್ರಾಣಿಗೆ ಮನೆ ಹುಡುಕಬೇಕು

ಆಶ್ರಯಕ್ಕೆ ಬಂದ ಎಲ್ಲ ಪ್ರಾಣಿಗಳಿಗೂ ಮನೆ ಹುಡುಕಬೇಕಾಗಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡುವುದು ಸಾಮಾನ್ಯ ಕ್ರಮ. ದುರ್ಗದಬೈಲಿನ ಅಂಗಡಿಗಳ ಮುಂದೆ ಐದಾರು ವರ್ಷ ಬೆಳೆದು, ಅಲ್ಲಿಯ ವ್ಯಾಪಾರಿಗಳ ಕೈಯಿಂದಲೇ ತಿಂದು, ಯಾರ ಗೊಡವೆಗೂ ಹೋಗದೆ ಇರುವ ನಾಯಿಯನ್ನು ತಂದು ಫ್ಲಾಟಿನ ಬಾಲ್ಕನಿಯಲ್ಲಿ ಕಟ್ಟಿದರೆ ಅದಕ್ಕೆ ಹಿತವಾಗುವುದಿಲ್ಲ. ತಾಯಿ ಕಳೆದುಕೊಂಡ ಕುನ್ನಿಗಳು, ಬೆಕ್ಕಿನ ಮರಿಗಳು, ಸಾಕಿದವರೇ ಬಿಟ್ಟುಹೋದ ಪೊಮೇರಿಯನ್, ಲ್ಯಾಬ್ರಡಾರ್‌ಗಳು, ಕಾಲು ಕಳೆದುಕೊಂಡು ಬೀದಿಯಲ್ಲಿ ಬದುಕಲಾರದವು, ಇವು ಮೊದಲು ಬರುತ್ತವೆ.

ಈಗ ಇನ್ನೊಂದು ಗುಂಪು ಸೇರಿಕೊಂಡಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಅದೇ ಜಾಗಕ್ಕೆ ಮರಳಿ ಬಿಡದೆ ಆಶ್ರಯಗಳಲ್ಲಿ ಇರಿಸಬೇಕೆಂದು ಆದೇಶಿಸಿತು. ಧಾರವಾಡದಂಥ ಕಾಲೇಜುಗಳ ಊರಿನಲ್ಲಿ, ವಿದ್ಯಾರ್ಥಿಗಳ ಬಿಸ್ಕತ್ತು ತಿಂದು, ನೂರಾರು ಜನರ ನಡುವೆ ಮಲಗಿ ರೂಢಿಯಾದ ದೊಡ್ಡ ನಾಯಿಗಳು ಇಂಥ ಆವರಣಗಳಲ್ಲಿಯೇ ಇರುತ್ತವೆ. ಕುನ್ನಿಯೇ ಬೇಕೆಂದು ಬರುವವರಿಗೆ ಇವುಗಳನ್ನೂ ತೋರಿಸಬೇಕು. ಸ್ವಭಾವ ಆಗಲೇ ಗೊತ್ತಿರುವ ಮೂರು ವರ್ಷದ ನಾಯಿ, ಮುಂದೆ ಹೇಗಾದೀತೆಂದು ಗೊತ್ತಿಲ್ಲದ ಎರಡು ತಿಂಗಳ ಕುನ್ನಿಗಿಂತ ಎಷ್ಟೋ ಮನೆಗಳಿಗೆ ಒಳ್ಳೆಯ ಆಯ್ಕೆ. ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳಬೇಕು ಎಂದು ಅದೇ ವರ್ಷದ ಆಗಸ್ಟ್ 22ರ ಆದೇಶದಲ್ಲಿ ನ್ಯಾಯಾಲಯ ಹೇಳಿದೆ. ಈ ಮಾತನ್ನು ನಾಯಿ ಕೇಳಿಕೊಂಡು ಬಂದವರಿಗೆ ಮೊದಲ ಭೇಟಿಯಲ್ಲೇ ತಿಳಿಸಬೇಕು.

ಕೊರಳಲ್ಲಿ ಬೆಲ್ಟಿನ ಗುರುತಿರುವ ನಾಯಿ ಸಿಕ್ಕರೆ ಅದನ್ನು ಯಾರೋ ಬಿಟ್ಟರು ಎಂದು ತಕ್ಷಣ ತೀರ್ಮಾನಿಸಬಾರದು. ದೀಪಾವಳಿಯ ಪಟಾಕಿಗೆ ಹೆದರಿ ಕೇಶ್ವಾಪುರದಿಂದ ಓಡಿದ ನಾಯಿ ಗೋಕುಲ ರಸ್ತೆಯಲ್ಲಿ ಸಿಗಬಹುದು. ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದೆಯೇ ಎಂದು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ಆ ಭಾಗದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಚಿತ್ರ ಹಾಕಿ, ಕೆಲವು ದಿನ ಕಾಯಬೇಕು. ಚಿತ್ರ ಹಾಕುವಾಗ ಒಂದು ಗುರುತನ್ನು ಮುಚ್ಚಿಟ್ಟುಕೊಳ್ಳಿ. ತನ್ನದೆಂದು ಬರುವವರು ಆ ಗುರುತನ್ನು ತಾವಾಗಿಯೇ ಹೇಳಬೇಕು.

ಮೈ ಸರಿಯಾಗಲಿ

ಹೊಸದಾಗಿ ಬಂದ ಪ್ರಾಣಿಯನ್ನು ಎರಡು ವಾರ ಬೇರೆಯಾಗಿ ಇರಿಸಬೇಕು. ಕುನ್ನಿಗಳನ್ನು ಕೊಲ್ಲುವ ಪಾರ್ವೊ ರೋಗ ಮೈಯಲ್ಲಿ ಸೇರಿ ಲಕ್ಷಣ ತೋರಲು ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಇಂದು ಕುಣಿದಾಡುತ್ತಿದ್ದ ಕುನ್ನಿಯನ್ನು ಇಂದೇ ಕೊಟ್ಟರೆ, ನಾಲ್ಕನೆಯ ದಿನ ಅದು ರಕ್ತ ಬೇಧಿಯಿಂದ ಆ ಮನೆಯ ಮಕ್ಕಳ ಕಣ್ಣೆದುರೇ ಸಾಯಬಹುದು; ಆ ಮನೆಯವರು ಮತ್ತೆಂದೂ ನಾಯಿ ಸಾಕಲಾರರು. ಕುನ್ನಿಗಳಿಗೆ ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ ಹಾಕಿಸಿ, ಹದಿನಾರು ವಾರ ಆಗುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ ಕೊಡಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧವನ್ನು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಎಂಟು ವಾರ ತುಂಬುವ ಮೊದಲು ಯಾವ ಮರಿಯನ್ನೂ ಕೊಡಬಾರದು. ಎಷ್ಟು ಗೋಗರೆದರೂ ಕೊಡಬಾರದು.

ಕುನ್ನಿ ಕೇಳುವ ಪ್ರತಿಯೊಬ್ಬರಿಗೂ ಹಾಕಲೇಬೇಕಾದ ಒಂದು ಪ್ರಶ್ನೆ ಇದೆ, ಅನೇಕರು ಇದನ್ನು ಮರೆಯುತ್ತಾರೆ: ‘ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಯಾವುದಾದರೂ ನಾಯಿ ವಾಂತಿ-ಬೇಧಿಯಾಗಿ ಸತ್ತಿದೆಯೇ?’ ಪಾರ್ವೊ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳಿರುವ ಕಡೆ ವರ್ಷಕ್ಕೂ ಮಿಕ್ಕಿ ಉಳಿಯಬಲ್ಲದು. ಸಾಮಾನ್ಯ ಫಿನಾಯಿಲಿಗೆ ಅದು ಬಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಿದರೆ ಗಚ್ಚಿನ ನೆಲ ಶುದ್ಧವಾಗುತ್ತದೆ, ಮಣ್ಣಿನ ಅಂಗಳ ಆಗುವುದಿಲ್ಲ. ಅಂಥ ಮನೆಗೆ ಲಸಿಕೆ ಪೂರ್ಣವಾದ ದೊಡ್ಡ ನಾಯಿಯನ್ನೇ ಕೊಡಿ.

ಬೇಸಿಗೆಯ ನಂತರ ಉಣ್ಣಿಗಳ ಕಾಟ ಹೆಚ್ಚು. ಉಣ್ಣಿ ಜ್ವರ ಒಳಗೊಳಗೇ ಇದ್ದು, ನಾಯಿ ಮೆತ್ತಗಾಗಿ, ಮೂಗಿನಲ್ಲಿ ರಕ್ತ ಬಂದಾಗಲೇ ಗೊತ್ತಾಗುವುದುಂಟು. ಆದ್ದರಿಂದ ದೊಡ್ಡ ನಾಯಿಗಳಿಗೆ ಕೊಡುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸಾಧ್ಯವಾದಷ್ಟೂ ಕೊಡುವ ಮೊದಲೇ ಮುಗಿಸಿಬಿಡಿ. ಕೊಟ್ಟ ಮೇಲೆ ಮಾಡಿಸುತ್ತೇವೆ ಎಂದವರಲ್ಲಿ ಮರೆಯುವವರೇ ಹೆಚ್ಚು. ತಳಿನಾಯಿಗಳ ವಿಷಯದಲ್ಲಂತೂ ಇದು ಕಡ್ಡಾಯ, ಏಕೆಂದರೆ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಲ್ಯಾಬ್ರಡಾರ್ ಇದೆ ಎಂದು ಸುದ್ದಿ ಹೋದರೆ ಮರಿ ಮಾರುವ ದಂಧೆಯವರೂ ‘ಪ್ರಾಣಿಪ್ರಿಯ’ರಾಗಿ ಬರುತ್ತಾರೆ. ಆಪರೇಷನ್ ಆಗಿದೆ ಎಂದ ಕೂಡಲೇ ಅವರ ಫೋನು ನಿಂತುಹೋಗುತ್ತದೆ. ಹಾವೇರಿ, ಗದಗ ಕಡೆಯವರು ತಮ್ಮ ಜಿಲ್ಲೆಯ ಪಶು ಆಸ್ಪತ್ರೆಯನ್ನು ಮೊದಲು ಸಂಪರ್ಕಿಸಬೇಕು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಶುಲ್ಕರಹಿತ ಸಂಖ್ಯೆ 1962.

ಸ್ವಭಾವವನ್ನು ಬರೆದಿಡುವುದು

ಪ್ರತಿ ಪ್ರಾಣಿಗೆ ಒಂದು ಪುಟ ಮೀಸಲಿಡಿ. ಹತ್ತು ದಿನ ನೋಡಿ ಬರೆಯಿರಿ. ‘ಒಳ್ಳೆಯ ನಾಯಿ’, ‘ಬಾಳ ಪ್ರೀತಿ ಮಾಡ್ತದ’ ಎಂಬ ಮಾತುಗಳು ಆ ಪುಟದಲ್ಲಿ ಬೇಡ, ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ತಿನ್ನುವಾಗ ತಟ್ಟೆಯ ಹತ್ತಿರ ಕೈ ಹೋದರೆ ಏನು ಮಾಡುತ್ತದೆ? ಗಂಡಸರು ಸಮೀಪಿಸಿದರೆ ಹಿಂದೆ ಸರಿಯುತ್ತದೆಯೇ? ಓಡುವ ಮಗುವನ್ನು ಬೆನ್ನಟ್ಟುತ್ತದೆಯೇ? ಬೈಕಿನ ಸಪ್ಪಳಕ್ಕೆ, ಕುಕ್ಕರಿನ ಸೀಟಿಗೆ, ಕೋಲು ಹಿಡಿದ ಮುದುಕರಿಗೆ ಹೇಗೆ ವರ್ತಿಸುತ್ತದೆ? ಒಂದು ತಾಸು ಒಂಟಿಯಾಗಿ ಬಿಟ್ಟರೆ ಕೂಗುತ್ತದೆಯೇ, ಮಲಗುತ್ತದೆಯೇ? ಕುಂದಗೋಳ, ನವಲಗುಂದ, ಕಲಘಟಗಿ ಕಡೆಯ ಹಳ್ಳಿಗೆ ಹೋಗುವ ನಾಯಿಯಾದರೆ ಕೋಳಿ, ಆಡುಗಳ ನಡುವೆ ಅದನ್ನು ಒಮ್ಮೆ ಹಗ್ಗ ಹಿಡಿದು ನಡೆಸಿ ನೋಡಬೇಕು. ಮೊದಲ ವಾರವೇ ನೆರೆಯವರ ಎರಡು ಕೋಳಿ ಕೊಂದ ನಾಯಿಗೆ ಆ ಊರಿನಲ್ಲಿ ಜಾಗವಿರುವುದಿಲ್ಲ.

ಮುಧೋಳ ನಾಯಿ ಮತ್ತು ಅದರ ಮಿಶ್ರತಳಿಗಳ ಬಗ್ಗೆ ಒಂದು ಮಾತು. ನಮ್ಮ ಕಡೆಯ ಬಾಗಲಕೋಟೆ ಜಿಲ್ಲೆಯ ಈ ತಳಿಯ ಮೇಲೆ ಅಭಿಮಾನ ಸಹಜ, 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿಯನ್ನೂ ಹೊರತಂದಿತ್ತು. ಆದರೆ ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯಲೆಂದು ಬೆಳೆಸಿದ ತಳಿ ಅದು. ಓಡಲು ಬಯಲಿಲ್ಲದ, ಬೆಕ್ಕು ಇರುವ, ಗಿಡ್ಡ ಕಾಂಪೌಂಡಿನ ಮನೆಗೆ ಅಭಿಮಾನ ಒಂದರಿಂದಲೇ ಅದನ್ನು ಕೊಡಬಾರದು.

ಎಂದಾದರೂ ಕಚ್ಚಿದ ಇತಿಹಾಸವಿದ್ದರೆ ಅದನ್ನು ಪುಟದ ಮೊದಲ ಸಾಲಿನಲ್ಲಿಯೇ ಬರೆಯಬೇಕು, ದತ್ತು ಪಡೆಯುವವರಿಗೆ ಓದಿ ಹೇಳಬೇಕು. ಕಚ್ಚಿದಾಗ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಲಸಿಕೆ ಹಾಕಿಸಿದ ನಾಯಿಯ ವಿಷಯದಲ್ಲಿಯೂ ಹೇಳಿರಬೇಕು.

ಚಿತ್ರ ಮತ್ತು ನಾಲ್ಕು ಸಾಲು

ಬೋನಿನ ಸರಳುಗಳ ಹಿಂದೆ ನಿಂತ ನಾಯಿಯ ಚಿತ್ರ ನೋಡಿ ಜನ ಮರುಗುತ್ತಾರೆ, ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಪ್ರಾಣಿಯನ್ನು ಹೊರಗೆ ತನ್ನಿ. ಬೆಳಗಿನ ಬಿಸಿಲಿನಲ್ಲಿ, ನೀವು ನೆಲದ ಮೇಲೆ ಕುಳಿತು, ಅದರ ಕಣ್ಣಿನ ಮಟ್ಟದಲ್ಲಿ ಚಿತ್ರ ತೆಗೆಯಿರಿ. ಎತ್ತರ ಗೊತ್ತಾಗುವಂತೆ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅರ್ಧ ನಿಮಿಷದ ವೀಡಿಯೊದಲ್ಲಿ ಅದು ನಡೆಯುವುದು, ಹೆಸರು ಕರೆದರೆ ತಿರುಗುವುದು ಕಾಣಲಿ. ಕಪ್ಪು ನಾಯಿ, ಕಪ್ಪು ಬೆಕ್ಕಿಗೆ ತಿಳಿಬಣ್ಣದ ಗೋಡೆ ಹಿನ್ನೆಲೆಯಾಗಿರಬೇಕು, ಇಲ್ಲದಿದ್ದರೆ ಮುಖವೇ ಕಾಣುವುದಿಲ್ಲ.

ಎರಡನೆಯ ಸಲ ಕೆಂಚಿಗಾಗಿ ನಾನು ಬರೆದ ಸಾಲುಗಳು ಹೀಗಿದ್ದವು: ‘ಹೆಸರು ಕೆಂಚಿ. ಹೆಣ್ಣು, ಜವಾರಿ, ಸುಮಾರು ಮೂರು ವರ್ಷ. ಸಂತಾನಹರಣ ಆಪರೇಷನ್ ಮತ್ತು ಎಲ್ಲ ಲಸಿಕೆ ಆಗಿವೆ. ದೊಡ್ಡವರೊಡನೆ ಶಾಂತವಾಗಿರುತ್ತದೆ, ಸಣ್ಣ ಮಕ್ಕಳ ರೂಢಿ ಇಲ್ಲ. ಕಟ್ಟಿಹಾಕಿದರೆ ಗಾಬರಿಯಾಗಿ ಕೂಗುತ್ತದೆ. ಆದ್ದರಿಂದ ಭದ್ರವಾದ ಗೇಟು ಇರುವ, ಹಗಲು-ರಾತ್ರಿ ಯಾರಾದರೂ ಇರುವ, ಕಟ್ಟದೆ ಸಾಕುವ ಮನೆ ಬೇಕು. ಒಂದು ಸಲ ದತ್ತು ಹೋಗಿ ಮರಳಿ ಬಂದಿದೆ, ತಪ್ಪು ನಾಯಿಯದಲ್ಲ.’ ಮೊದಲ ಸಲ ‘ಮುದ್ದಾದ ನಾಯಿಗೆ ಮನೆ ಬೇಕು’ ಎಂದು ಬರೆದಾಗ ಬಂದಷ್ಟು ಕರೆಗಳು ಈಗ ಬರಲಿಲ್ಲ. ಬಂದ ಎರಡು ಕರೆಗಳಲ್ಲಿ ಒಂದು ಮಾಳಮಡ್ಡಿಯಿಂದ, ನಿವೃತ್ತ ಶಿಕ್ಷಕ ದಂಪತಿಯದು. ಅವರು ಫೋನಿನಲ್ಲಿ ಕೇಳಿದ ಮೊದಲ ಮಾತೇ ‘ಕಟ್ಟದಿದ್ರ ಸುಮ್ಮನ ಇರತದೇನ್ರಿ ಅದು?’ ಎಂದು.

ಸುದ್ದಿ ಹಬ್ಬಿಸಲು ಮೊಬೈಲ್ ಒಂದನ್ನೇ ನೆಚ್ಚಬೇಡಿ. ಪಶುವೈದ್ಯರ ಕ್ಲಿನಿಕ್ಕು, ಪ್ರಾಣಿಗಳ ಆಹಾರ ಮಾರುವ ಅಂಗಡಿ, ಕಿರಾಣಿ ಅಂಗಡಿಯ ಗೋಡೆ, ಉಣಕಲ್ ಕೆರೆಯ ದಂಡೆಯಲ್ಲಿ, ತೋಳನಕೆರೆಯಲ್ಲಿ ಬೆಳಗ್ಗೆ ನಾಯಿಯೊಡನೆ ನಡೆಯಲು ಬರುವವರ ಗುಂಪು, ಇವೆಲ್ಲ ಫಲ ಕೊಡುತ್ತವೆ. ಈಗಾಗಲೇ ಒಂದು ನಾಯಿ ಚೆನ್ನಾಗಿ ಸಾಕಿದವರ ನೆಂಟರಲ್ಲಿಯೇ ಮುಂದಿನ ಮನೆ ಇರುವುದುಂಟು. ಭಾನುವಾರದ ದತ್ತು ಶಿಬಿರಗಳು ಜನರನ್ನು ಸೇರಿಸುತ್ತವೆ, ಆದರೆ ಶಿಬಿರದಲ್ಲಿಯೇ ಪ್ರಾಣಿಯನ್ನು ಕೈಗಿಟ್ಟು ಕಳಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಹೆಸರು ಬರೆಸಿಕೊಂಡು, ಮನೆ ನೋಡಿದ ಮೇಲೆ ಕೊಡಿ. ಒಂದು ವಾರ ಕಾಯಲಾರದವರು ಹನ್ನೆರಡು ವರ್ಷ ಸಾಕುವುದು ಕಷ್ಟ.

ಕೇಳಿಕೊಂಡು ಬಂದವರೊಡನೆ ಮಾತು

ನಮ್ಮ ಕಡೆ ಅತಿ ಹೆಚ್ಚು ಕೇಳಿಬರುವ ಬೇಡಿಕೆ, ‘ಗಂಡ ಕುನ್ನಿ ಇದ್ರ ಕೊಡ್ರಿ, ಹೆಣ್ಣ ಬ್ಯಾಡ’ ಎಂಬುದು. ಇದಕ್ಕೆ ಸಿಟ್ಟಾಗದೆ ಉತ್ತರಿಸಬೇಕು. ‘ಆಪರೇಷನ್ ಆಗೇದ್ರಿ ಅಕ್ಕಾರ, ಮರಿ ಹಾಕೂದಿಲ್ಲ, ಗಂಡ ನಾಯಿ ಬೆನ್ನ ಹತ್ತಿ ಬರೂದಿಲ್ಲ’ ಎಂದು ತಿಳಿಸಿದರೆ ಎಷ್ಟೋ ಮನೆಗಳ ಮನಸ್ಸು ಬದಲಾಗುತ್ತದೆ. ಅವರ ಹೆದರಿಕೆ ಹೆಣ್ಣು ಪ್ರಾಣಿಯ ಬಗ್ಗೆ ಇರುವುದಿಲ್ಲ, ಆರು ತಿಂಗಳಿಗೊಮ್ಮೆ ಆರು ಮರಿಗಳನ್ನು ಎಲ್ಲಿ ಬಿಡುವುದು ಎಂಬುದರ ಬಗ್ಗೆ ಇರುತ್ತದೆ.

ಎರಡನೆಯದು, ‘ಹೊಲದಾಗ ಕಾವಲಿಗೆ ಬೇಕಾಗೇದ್ರಿ’. ಕಾವಲು ಎಂದ ಕೂಡಲೇ ನಿರಾಕರಿಸುವವರಿದ್ದಾರೆ; ಅದು ಸರಿಯಲ್ಲ. ಕೇಳಬೇಕಾದದ್ದು, ‘ರಾತ್ರಿ ಹೊಲದಾಗ ಯಾರ ಇರತಾರ್ರಿ?’ ಎಂದು. ಹೊಲದ ಮನೆಯಲ್ಲೇ ಒಕ್ಕಲುತನ ಮಾಡಿಕೊಂಡು ಸಂಸಾರ ಇದ್ದು, ದನ-ಕರುಗಳ ಜೊತೆ ನಾಯಿಯೂ ಉಂಡು ತಿರುಗುವ ಜಾಗ, ನಗರದ ಎಷ್ಟೋ ಮನೆಗಳಿಗಿಂತ ಮೇಲು. ಬೀಗ ಹಾಕಿದ ಗೋದಾಮಿಗೆ, ಕಟ್ಟಡ ಏಳುತ್ತಿರುವ ಸೈಟಿಗೆ, ದಿನಕ್ಕೊಮ್ಮೆ ಯಾರೋ ಬಂದು ರೊಟ್ಟಿ ಎಸೆದು ಹೋಗುವ ತೋಟಕ್ಕೆ ಮಾತ್ರ ಕೊಡಬೇಡಿ.

ಸಪ್ತಾಪುರದ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಪ್ರಾಣಿಗಳ ಮೇಲೆ ಜೀವ ಇಟ್ಟುಕೊಂಡಿರುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪರೀಕ್ಷೆ ಮುಗಿದು ಊರಿಗೆ ಹೋಗುವಾಗ ನಾಯಿ ಕೋಣೆಯ ಹೊರಗೆ ಉಳಿಯುತ್ತದೆ. ಅವರಿಗೆ ದತ್ತು ಕೊಡುವ ಬದಲು ತಾತ್ಕಾಲಿಕ ಪಾಲನೆಗೆ ಕೊಡಿ: ಹಾಲು ಬಿಡಿಸಿದ ಬೆಕ್ಕಿನ ಮರಿಯನ್ನು ಮೂರು ವಾರ, ಆಪರೇಷನ್ ಆದ ನಾಯಿಯನ್ನು ಹತ್ತು ದಿನ, ಮನೆಮಾಲೀಕರು ಒಪ್ಪಿದರೆ, ನೋಡಿಕೊಳ್ಳಲಿ. ಆಶ್ರಯದ ಗದ್ದಲದಲ್ಲಿ ಮುದುಡಿದ ಪ್ರಾಣಿ ಅಂಥ ಕೋಣೆಯಲ್ಲಿ ತನ್ನ ನಿಜ ಸ್ವಭಾವ ತೋರುತ್ತದೆ, ನಿಮ್ಮ ಪುಟಕ್ಕೂ ನಾಲ್ಕು ಹೊಸ ಸಾಲು ಸೇರುತ್ತವೆ.

ಮನೆಯ ಎಲ್ಲರೊಡನೆ ಮಾತನಾಡಬೇಕು. ಫೋನು ಮಾಡಿದವನು ಮಗ, ಹಗಲೆಲ್ಲ ಮನೆಯಲ್ಲಿರುವವರು ತಾಯಿ. ಅಡುಗೆಮನೆಗೆ, ದೇವರ ಕೋಣೆಗೆ ನಾಯಿ ಬರಕೂಡದು ಎಂದು ಅಜ್ಜಿ ಹೇಳಿದರೆ ಅದು ನಿರಾಕರಣೆಗೆ ಕಾರಣವಾಗಬೇಕಿಲ್ಲ, ಹೊಸ್ತಿಲು ದಾಟಬಾರದು ಎಂಬುದನ್ನು ನಾಯಿ ಹದಿನೈದು ದಿನದಲ್ಲಿ ಕಲಿಯುತ್ತದೆ. ನಾಯಿಯೇ ಬೇಡ ಎಂದು ಅಜ್ಜಿ ಬಾಯಿಬಿಟ್ಟು ಹೇಳದಿದ್ದರೂ ಮುಖ ತಿರುಗಿಸಿ ಒಳಗೆ ಹೋದರೆ, ಅಲ್ಲಿಗೆ ಆ ಮಾತು ಮುಗಿಯಿತೆಂದು ತಿಳಿಯಿರಿ. ಇನ್ನು, ‘ನೀವು ಊರಿಗೆ ಹ್ವಾದಾಗ ಇದನ್ನ ಯಾರ ನೋಡತಾರ್ರಿ?’ ಎಂಬ ಪ್ರಶ್ನೆಗೆ ಹೆಸರು ಹೇಳಿ ಉತ್ತರಿಸುವವರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಊಟದ ಮಾತು ಧಾರವಾಡದ ಸಸ್ಯಾಹಾರಿ ಮನೆಗಳಲ್ಲಿ ಖಂಡಿತ ಬರುತ್ತದೆ. ಪಶುವೈದ್ಯರ ಸಲಹೆ ಪಡೆದು ಬೇಳೆ, ಮೊಸರು, ತರಕಾರಿ, ಸಿದ್ಧ ಆಹಾರ ಹೊಂದಿಸಿಕೊಟ್ಟರೆ ನಾಯಿ ಮಾಂಸವಿಲ್ಲದೆಯೂ ಬದುಕಬಲ್ಲದು. ಬರೀ ಹಾಲು-ರೊಟ್ಟಿ ಸಾಲದು. ಬೆಕ್ಕು ಹಾಗಲ್ಲ. ಟಾರಿನ್ ಎಂಬ ಸತ್ವ ಮಾಂಸ-ಮೀನಿನಿಂದಲೇ ಅದಕ್ಕೆ ದೊರೆಯಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಬೆಕ್ಕಿನ ಸಿದ್ಧ ಆಹಾರವನ್ನಾದರೂ ಮನೆಯೊಳಗೆ ತರಲು ಒಪ್ಪದ ಮನೆಗೆ ಬೆಕ್ಕು ಕೊಡಬಾರದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರು, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಜ್ವರಕ್ಕೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಸಾಯುತ್ತದೆ. ಇವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ದತ್ತು ಎಂಬ ಪದದಿಂದ ಕೆಲವೊಮ್ಮೆ ಗೊಂದಲವಾಗುತ್ತದೆ. 2022ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ಹಸುವಿಗೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆದವರು ಹಸುವನ್ನು ಮನೆಗೆ ಒಯ್ಯುವುದಿಲ್ಲ. ಅದೇ ಕಲ್ಪನೆಯಲ್ಲಿ ‘ನಾಯಿ ನಿಮ್ಮಲ್ಲೇ ಇರಲಿ, ಖರ್ಚು ಕೊಡುತ್ತೇನೆ’ ಎನ್ನುವವರು ಬಂದರೆ ಬೇಸರಪಡಬೇಡಿ. ಮುದಿಯಾದ, ಕುರುಡಾದ, ಮನೆ ಸಿಗಲಾರದ ಪ್ರಾಣಿಗಳ ಪಾಲಿಗೆ ಇಂಥವರು ಬೇಕು.

ಮನೆ ನೋಡುವುದು

ಮನೆಗೆ ಹೋದಾಗ ನೆಲಕ್ಕೆ ಬಗ್ಗಿ ಗೇಟನ್ನು ನೋಡಿ. ಕೆಳಗಿನ ಸಂದಿಯಲ್ಲಿ ನಿಮ್ಮ ಎರಡು ಮುಷ್ಟಿ ತೂರಿದರೆ ಕುನ್ನಿಯೂ ತೂರುತ್ತದೆ. ಮಾಳಿಗೆಯ ಗೋಡೆ ಎಷ್ಟು ಎತ್ತರ, ಹಿತ್ತಿಲ ಬಾವಿಗೆ, ನೀರಿನ ತೊಟ್ಟಿಗೆ ಮುಚ್ಚಳ ಇದೆಯೇ, ಮಧ್ಯಾಹ್ನದ ಬಿಸಿಲಿನಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ನಾಯಿ ಎಲ್ಲಿ ಮಲಗುತ್ತದೆ ಎಂದು ಕೇಳಿ, ಆ ಜಾಗ ತೋರಿಸಲು ಹೇಳಿ. ಬೆಕ್ಕಿನ ಮನೆಯಾದರೆ ಕಿಟಕಿ, ಬಾಲ್ಕನಿಗೆ ಜಾಳಿಗೆ ಇರಬೇಕು.

ಬಾಡಿಗೆ ಮನೆಗೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕೇಬೇಕು. ಬಾಯಿಮಾತು ಮೊದಲ ಜಗಳದವರೆಗೆ ಮಾತ್ರ. ಅಪಾರ್ಟ್‌ಮೆಂಟಿನ ಸ್ವಂತ ಫ್ಲಾಟಾದರೆ, ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೂ ಎದುರುಮನೆಯವರ ಬಾಗಿಲು ಒಮ್ಮೆ ತಟ್ಟಿ ಮಾತನಾಡಿಸಿಕೊಂಡು ಬರುವುದು ಕಾನೂನಿಗಿಂತ ಹೆಚ್ಚು ದಿನ ಬಾಳುತ್ತದೆ.

ಕಾಗದ

ಕೊಡುವಾಗ ಎರಡು ಪ್ರತಿಯ ಒಪ್ಪಂದ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು. ಪ್ರಾಣಿಯ ಗುರುತು, ಲಸಿಕೆಗಳ ದಿನಾಂಕ, ಆಪರೇಷನ್ ಆಗಿರದಿದ್ದರೆ ಮಾಡಿಸಬೇಕಾದ ತಿಂಗಳು, ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ನಮಗೇ ಮರಳಿಸಬೇಕು ಎಂಬ ಷರತ್ತು, ನಾವು ಬಂದು ನೋಡುವ ಹಕ್ಕು, ಇಷ್ಟು ಸಾಕು. ಪ್ರಾಣಿಯನ್ನು ಹಸಿವು-ನೀರಡಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧ ಎಂಬ ಸಾಲನ್ನೂ ಸೇರಿಸಿ. ಗುರುತಿನ ಚೀಟಿಯ ಪ್ರತಿ ಪಡೆದರೆ ಅದನ್ನು ಬೀಗದಲ್ಲಿಡಿ, ಗುಂಪುಗಳಲ್ಲಿ ಹಂಚಬೇಡಿ. ಪ್ರಾಣಿಗೆ ಬೆಲೆ ತೆಗೆದುಕೊಳ್ಳಬಾರದು. ಬೆಲ್ಟು, ಬಟ್ಟಲು, ಮೊದಲ ತಿಂಗಳ ಆಹಾರವನ್ನು ಮಾತ್ರ ಅವರೇ ಮುಂಚಿತವಾಗಿ ಕೊಂಡು ಇಟ್ಟಿರಲಿ.

ಒಪ್ಪಿಸುವ ದಿನ, ಮುಂದಿನ ಮೂರು ತಿಂಗಳು

ದಿನ ಆರಿಸುವಾಗ ಪಂಚಾಂಗ ನೋಡಬೇಕು. ಗಣಪತಿ ಕೂಡ್ರಿಸಿದ ಹನ್ನೊಂದು ದಿನಗಳು, ದೀಪಾವಳಿಯ ವಾರ, ಹೋಳಿ ಹುಣ್ಣಿಮೆಯ ಹಲಗಿ ಸದ್ದಿನಿಂದ ರಂಗಪಂಚಮಿಯವರೆಗಿನ ದಿನಗಳು, ಇವುಗಳಲ್ಲಿ ಮತ್ತು ಇವುಗಳ ಹಿಂದಿನ ಎರಡು ವಾರಗಳಲ್ಲಿ ನಾಯಿ ಕೊಡಬೇಡಿ. ಹೊಸ ಮನೆಯ ವಾಸನೆಯೇ ಇನ್ನೂ ಮೂಗಿಗೆ ಹತ್ತದ ನಾಯಿ ಸದ್ದಿಗೆ ಬೆದರಿ ಓಡಿದರೆ ಮರಳಿ ಬರಲು ದಾರಿ ತಿಳಿಯುವುದಿಲ್ಲ. ಮನೆಯವರಿಗೆ ಎರಡು ದಿನ ರಜೆ ಇರುವಾಗ, ಬೆಳಗಿನ ಹೊತ್ತು ಒಪ್ಪಿಸುವುದು ಉತ್ತಮ. ಆಶ್ರಯದಲ್ಲಿ ಅದು ಮಲಗುತ್ತಿದ್ದ ಗೋಣಿಚೀಲವನ್ನೋ ಬಟ್ಟೆಯನ್ನೋ ತೊಳೆಯದೆ ಜೊತೆಗೆ ಕಳಿಸಿ. ಕೊರಳಪಟ್ಟಿಯೊಳಗೆ ಎರಡು ಬೆರಳು ಹಿಡಿಸಬೇಕು, ಮೂರು ಹಿಡಿಸಿದರೆ ತಲೆ ಜಾರುತ್ತದೆ. ಪಟ್ಟಿಯ ಮೇಲೆ ಮನೆಯವರ ಫೋನ್ ಸಂಖ್ಯೆ ಬರೆದಿರಲಿ.

ಮೊದಲ ಮೂರು ದಿನ ಪ್ರಾಣಿ ಏನೂ ತಿನ್ನದೆ, ಮಂಚದ ಕೆಳಗಿನಿಂದ ಹೊರಬಾರದೆ ಇರಬಹುದು. ಆಗ ನೆಂಟರನ್ನು ಕರೆದು ತೋರಿಸುವುದು, ಎತ್ತಿಕೊಳ್ಳುವುದು, ಸ್ನಾನ ಮಾಡಿಸುವುದು ಬೇಡ. ಮೂರು ವಾರದ ಹೊತ್ತಿಗೆ ದಿನಚರಿ ತಿಳಿಯುತ್ತದೆ. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳು ಹಿಡಿಯುತ್ತದೆ. ನೀವು ಮೊದಲ ರಾತ್ರಿ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ ಫೋನು ಮಾಡಿ, ತೊಂಬತ್ತನೆಯ ದಿನ ಹೋಗಿ ನೋಡಿ. ‘ಹೆಂಗ ಅದರಿ?’ ಎಂದು ಕೇಳಿದರೆ ‘ಆರಾಮ ಅದರಿ’ ಎಂಬ ಉತ್ತರ ಬರುತ್ತದೆ. ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು, ಬೆಳಗ್ಗೆ ಏನು ತಿಂದಿತು, ಯಾರ ಹತ್ತಿರ ಹೋಗುತ್ತದೆ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಹಿಂದಿರುಗಿಸಬೇಕೆಂದು ಯಾರಾದರೂ ಕೇಳಿದರೆ ಒಂದು ಕಟುಮಾತೂ ಇಲ್ಲದೆ ತೆಗೆದುಕೊಳ್ಳಬೇಕು. ಬೈಯುತ್ತಾರೆಂಬ ಅಂಜಿಕೆಯಿದ್ದವರು ರಾತ್ರಿ ಹೊತ್ತು ಕಾರಿನಲ್ಲಿ ಒಯ್ದು ಬೈಪಾಸಿನಲ್ಲಿ ಬಿಟ್ಟುಬರುತ್ತಾರೆ. ಮರಳಿ ಪಡೆದ ಮೇಲೆ ಕಾರಣವನ್ನು ಪ್ರಾಣಿಯ ಪುಟದಲ್ಲಿ ಬರೆಯಿರಿ. ಮುಂದಿನ ಮನೆಯನ್ನು ಆ ಸಾಲಿನಿಂದಲೇ ಹುಡುಕಬೇಕು.

ಮಾಳಮಡ್ಡಿಗೆ ಹೋದ ಕೆಂಚಿ ಮೊದಲ ಎರಡು ದಿನ ತುಳಸಿ ಕಟ್ಟೆಯ ಹಿಂದೆಯೇ ಮಲಗಿತ್ತು. ಯಾರೂ ಹತ್ತಿರ ಹೋಗಲಿಲ್ಲ. ನೀರಿನ ಬಟ್ಟಲನ್ನು ಮಾತ್ರ ದಿನಕ್ಕೆ ಒಂದು ಗೇಣು ಬಾಗಿಲ ಕಡೆ ಸರಿಸುತ್ತಿದ್ದರು. ಮೂರನೆಯ ದಿನ ಸಂಜೆ ಅಮ್ಮಾರು ಒಳಗೆ ರೊಟ್ಟಿ ಬಡಿಯುತ್ತಿದ್ದಾಗ, ಆ ಸಪ್ಪಳಕ್ಕೆ ಕಿವಿ ನೆಟ್ಟಗಾಗಿ, ಎದ್ದು ಬಂದು, ಅಡುಗೆಮನೆಯ ಹೊಸ್ತಿಲ ಹೊರಗೆ ಮುಂಗಾಲು ಚಾಚಿ ಕುಳಿತಿತಂತೆ. ಅವರು ಒಂದು ಚೂರು ರೊಟ್ಟಿ ಆರಿಸಿ ಹೊಸ್ತಿಲ ಮೇಲಿಟ್ಟರು. ಇಪ್ಪತ್ತೊಂದನೆಯ ದಿನದ ಫೋನಿನಲ್ಲಿ ಇದನ್ನೆಲ್ಲ ಹೇಳಿದವರು ಅವರೇ. ತೊಂಬತ್ತನೆಯ ದಿನ ನಾನು ಹೋಗಿ ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಕೆಂಚಿ ಅಂಗಳದಿಂದ ಓಡಿ ಬಂದು ನನ್ನನ್ನು ನೋಡಿ ಜೋರಾಗಿ ಬೊಗಳಿತು, ಆಮೇಲೆ ಹಿಂದಕ್ಕೆ ಹೋಗಿ ಅಮ್ಮಾರ ಸೀರೆಯ ಮರೆಯಲ್ಲಿ ನಿಂತುಕೊಂಡಿತು. ಅದರ ಪುಟದಲ್ಲಿ ಆ ದಿನಾಂಕ ಬರೆದು, ಕಡತವನ್ನು ಮನೆ ಸಿಕ್ಕವುಗಳ ಸಾಲಿನಲ್ಲಿ ಇಟ್ಟೆ.